ಹಕ್ಕಿಯ ಹಾಡು: ಕೇಳುವುದು, ಅಳೆಯುವುದು, ಎಡವುವುದು

ಹಕ್ಕಿ ಬಾಯಿಬಿಟ್ಟಾಗಲೆಲ್ಲ ಹಾಡುವುದಿಲ್ಲ. ಗಿಡುಗ ಕಂಡಾಗ, ಗುಂಪಿನ ಜೊತೆ ಹಾರುವಾಗ, ಮರಿಗೆ ಹಸಿವಾದಾಗ ಹೊರಡುವ ಗಿಡ್ಡ ದನಿ ಕರೆ. ಅದು ವರ್ಷವಿಡೀ ಕೇಳುತ್ತದೆ. ಹಾಡು ಸಾಮಾನ್ಯವಾಗಿ ಉದ್ದ, ಹೆಣಿಗೆ ಹೆಚ್ಚು, ಬಹುಮಟ್ಟಿಗೆ ಮರಿ ಮಾಡುವ ಕಾಲದ್ದು. ಅದರ ಮುಖ್ಯ ಕೆಲಸ ಎರಡು: ಜಾಗ ಕಾಯುವುದು, ಜೋಡಿ ಕರೆಯುವುದು.

ಜಾಗ ಕಾಯುವುದಕ್ಕೆ ಒಳ್ಳೆಯ ಪುರಾವೆ ಸಿಕ್ಕಿದ್ದು 1970ರ ದಶಕದಲ್ಲಿ, ಆಕ್ಸ್‌ಫರ್ಡ್ ಬಳಿಯ ವೈಥಮ್ ಕಾಡಿನಲ್ಲಿ. ಪ್ರಾಣಿವಿಜ್ಞಾನಿ ಜಾನ್ ಕ್ರೆಬ್ಸ್ ಅಲ್ಲಿನ ಗ್ರೇಟ್ ಟಿಟ್ ಎಂಬ ಪುಟ್ಟ ಹಕ್ಕಿಯ ಗಂಡುಗಳನ್ನು ಹಿಡಿದು ತೆಗೆದು, ಕೆಲವು ಜಾಗಗಳಲ್ಲಿ ಸ್ಪೀಕರ್ ಇಟ್ಟು ಅವುಗಳದೇ ಹಾಡು ಹಾಕಿದರು. ಹೊಸ ಗಂಡುಗಳು ಮೊದಲು ನುಗ್ಗಿದ್ದು ಮೌನವಾಗಿದ್ದ ಜಾಗಗಳಿಗೆ. ಒಡೆಯ ಇಲ್ಲದಿದ್ದರೂ ಹಾಡೊಂದೇ ಕೆಲವು ಹೊತ್ತು ಬೇಲಿಯಾಗಿ ನಿಂತಿತ್ತು. ಇನ್ನು ಜೋಡಿಯ ವಿಷಯ: ಗಂಡು ಸೆಜ್ ವಾರ್ಬ್ಲರ್ ಹೆಣ್ಣು ಸಿಕ್ಕ ಮೇಲೆ ಹಾಡುವುದನ್ನು ಹೆಚ್ಚುಕಡಿಮೆ ನಿಲ್ಲಿಸಿಬಿಡುತ್ತದೆ.

ಹಾಗೆಂದು ಹಾಡಿದ್ದನ್ನೆಲ್ಲ ‘ಗಂಡು’ ಎಂದು ಟಿಪ್ಪಣಿಯಲ್ಲಿ ಬರೆಯಬೇಡಿ. 2014ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ, ಮಾಹಿತಿ ಇದ್ದ 323 ಹಾಡುಹಕ್ಕಿ (ಗುಬ್ಬಿ, ಫಿಂಚ್, ಟಿಟ್ ಮುಂತಾದವು ಸೇರಿದ ಗುಂಪು; ಕೋಗಿಲೆ ಇದರಲ್ಲಿಲ್ಲ) ಪ್ರಭೇದಗಳ ಪೈಕಿ ಶೇ. 71ರಲ್ಲಿ ಹೆಣ್ಣೂ ಹಾಡುತ್ತಿತ್ತು. ನೋಡಿ ಖಚಿತವಾಗದಿದ್ದರೆ ಆ ಅಂಕಣ ಖಾಲಿ ಇರಲಿ.

ದನಿ ಹುಟ್ಟುವುದು ನಮ್ಮಂತೆ ಗಂಟಲಲ್ಲಲ್ಲ. ಶ್ವಾಸನಾಳ ಎರಡಾಗಿ ಕವಲೊಡೆಯುವ ಕಡೆ, ಎದೆಯೊಳಗೆ, ಸಿರಿಂಕ್ಸ್ ಎಂಬ ಅಂಗವಿದೆ. ಹಾಡುಹಕ್ಕಿಗಳಲ್ಲಿ ಅದರ ಎಡ ಬಲ ಭಾಗಗಳು ಬೇರೆಬೇರೆಯಾಗಿ ದುಡಿಯಬಲ್ಲವು. ಆದ್ದರಿಂದಲೇ ಕೆಲವು ಹಕ್ಕಿಗಳು ಏಕಕಾಲಕ್ಕೆ ಎರಡು ಸ್ವರ ಹೊರಡಿಸುತ್ತವೆ. ಕಾರ್ಡಿನಲ್ ಹಕ್ಕಿ ಮೇಲಿನಿಂದ ಕೆಳಕ್ಕೆ ಜಾರುವ ಒಂದೇ ಸ್ವರದ ಎತ್ತರದ ಭಾಗವನ್ನು ಬಲಗಡೆಯಿಂದಲೂ ತಗ್ಗಿನ ಭಾಗವನ್ನು ಎಡಗಡೆಯಿಂದಲೂ ಹೊರಡಿಸುತ್ತದೆ; ಬೆಸುಗೆ ನಮ್ಮ ಕಿವಿಗೆ ಗೊತ್ತೇ ಆಗುವುದಿಲ್ಲ. ಕ್ಯಾನರಿ ಸೆಕೆಂಡಿಗೆ 30ರಷ್ಟು ತುಣುಕುಗಳನ್ನು ಹಾಡುವಾಗಲೂ ತುಣುಕು ತುಣುಕಿನ ನಡುವೆ ಪುಟ್ಟ ಉಸಿರು ಎಳೆದುಕೊಳ್ಳುತ್ತದೆ.

ಕಾಗೆಯ ಗೂಡಲ್ಲಿ ಬೆಳೆದ ಕೋಗಿಲೆ ದೊಡ್ಡದಾದ ಮೇಲೆ ಕೂಗುವುದು ಕೋಗಿಲೆಯದೇ ಕೂಗು. ಅದು ಹುಟ್ಟಿನಿಂದ ಬಂದದ್ದು. ಹಾಡುಹಕ್ಕಿಗಳಿಗೆ ಈ ಸೌಲಭ್ಯವಿಲ್ಲ, ಕೇಳಿ ಕಲಿಯಬೇಕು. ಗಂಡು ಝೀಬ್ರಾ ಫಿಂಚ್ ಮರಿ ಮೊದಲು ದೊಡ್ಡವರ ಹಾಡನ್ನು ನೆನಪಿಗೆ ಇಳಿಸಿಕೊಳ್ಳುತ್ತದೆ, ಆಮೇಲೆ ತೊದಲುತ್ತ ತನ್ನ ದನಿಯನ್ನು ಆ ನೆನಪಿಗೆ ಹೊಂದಿಸಿಕೊಳ್ಳುತ್ತದೆ, ಸುಮಾರು 90 ದಿನಕ್ಕೆ ಹಾಡು ಗಟ್ಟಿಯಾಗುತ್ತದೆ. ಇದಕ್ಕೆ ತನ್ನ ದನಿ ತನಗೆ ಕೇಳಿಸಲೇಬೇಕು. ಹಾಡು ಕೇಳಿ ನೆನಪಿಟ್ಟುಕೊಂಡಿದ್ದರೂ, ಹಾಡಲು ಶುರುಮಾಡುವ ಮೊದಲೇ ಕಿವುಡಾದ ಬಿಳಿನೆತ್ತಿಯ ಗುಬ್ಬಿಗಳ ಹಾಡು ಕೆಟ್ಟುಹೋಗುತ್ತದೆಂದು ಮಸಾಕಾಜು ಕೊನಿಶಿ 1965ರಲ್ಲೇ ತೋರಿಸಿದ್ದರು. ಬಯಲಲ್ಲಿ ಹಕ್ಕಿ ಗುರುತಿಸುವಾಗ ಇದರಿಂದ ಒಂದು ಫಜೀತಿಯಿದೆ: ತೊದಲುವ ಮರಿಯ ಮೆಲ್ಲಗಿನ, ಕಲಸಿಹೋದ ಹಾಡನ್ನು ಬೇರೆ ಪ್ರಭೇದವೆಂದು ದಾಖಲಿಸಿಬಿಡುತ್ತಾರೆ.

ಕರೆಗಳ ಕಡೆಗೆ ಬಂದರೆ, ಅರ್ಥ ಹುಡುಕಲು ನನಗೆ ಹಾಡಿಗಿಂತ ಇವೇ ಹೆಚ್ಚು ನಂಬಿಕೆಯ ಜಾಗ. ಕೇಳಿದ ಹಕ್ಕಿ ಏನು ಮಾಡಿತು ಎಂಬುದು ಕಣ್ಣೆದುರೇ ಇರುತ್ತದಲ್ಲ! ಚಿಕಡೀ ಹಕ್ಕಿ ತನಗೆ ಹೆಚ್ಚು ಅಪಾಯಕಾರಿಯಾದ ಚಿಕ್ಕ ಗೂಬೆಯನ್ನು ಕಂಡರೆ ಕರೆಯ ಕೊನೆಗೆ ಹೆಚ್ಚು ‘ಡೀ’ಗಳನ್ನು ಸೇರಿಸುತ್ತದೆ. ಜಪಾನಿ ಟಿಟ್‌ನಲ್ಲಿ ‘ಸುತ್ತ ನೋಡು’ ಎನ್ನುವ ತುಣುಕಿನ ಹಿಂದೆಯೇ ‘ಹತ್ತಿರ ಬಾ’ ಎನ್ನುವುದು ಬಂದರೆ ಕೇಳುಗರು ಸುತ್ತ ನೋಡುತ್ತ ಹತ್ತಿರ ಬರುತ್ತವೆ. ಕ್ರಮ ತಿರುಗಿಸಿ ಕೇಳಿಸಿದರೆ ಹಾಗೆ ಮಾಡುವುದು ಅಪರೂಪ. ತೊಶಿತಾಕಾ ಸುಝುಕಿ ತಂಡ 2016ರಲ್ಲಿ ಪ್ರಕಟಿಸಿದ ಪ್ರಯೋಗ ಇದು. ಕ್ರಮಕ್ಕೆ ಬೆಲೆಯಿದೆ ಎಂಬಷ್ಟು ಒಪ್ಪಬಹುದು, ‘ಹಕ್ಕಿಗಳಿಗೂ ವ್ಯಾಕರಣ’ ಎಂಬ ತಲೆಬರಹ ಮಾತ್ರ ಅತಿಯಾಯಿತು.

ರೆಕಾರ್ಡ್ ಮಾಡುವವರು 48 ಕಿಲೋಹರ್ಟ್ಜ್‌ನಲ್ಲಿ (ಅಂದರೆ ದನಿಯನ್ನು ಸೆಕೆಂಡಿಗೆ 48,000 ಬಿಂದುಗಳಲ್ಲಿ ಅಳೆದು), ವೇವ್ ಫೈಲ್ ಆಗಿ ಉಳಿಸಿ. ದನಿಯ ಮಟ್ಟವನ್ನು ತಾನೇ ಏರಿಸಿ ಇಳಿಸುವ ಸೆಟ್ಟಿಂಗ್ ಇದ್ದರೆ ಆಫ್ ಮಾಡಿ. ಇಲ್ಲದಿದ್ದರೆ ಮೆಲ್ಲಗೆ ಹಾಡಿದ್ದೂ ಜೋರಾಗಿ ಹಾಡಿದ್ದೂ ಒಂದೇ ಆಗಿ ಕಾಣುತ್ತದೆ. ಶಿಖರ ಮಟ್ಟ ಮೈನಸ್ 12 ಡೆಸಿಬೆಲ್ (ಯಂತ್ರದ ಗರಿಷ್ಠ ಮಿತಿಗಿಂತ ಅಷ್ಟು ಕೆಳಗೆ) ಸುತ್ತ ಇದ್ದರೆ ಸಾಕು. ಕೊನೆಗೆ ಹಕ್ಕಿ ಏನು ಮಾಡುತ್ತಿತ್ತು, ಯಾರು ಉತ್ತರಿಸಿದರು ಎಂದು ಬಾಯಲ್ಲೇ ಹೇಳಿ ಮುಗಿಸಿ.

ಸ್ಪೆಕ್ಟ್ರೋಗ್ರಾಮ್ (ಹೊತ್ತು ಸರಿದಂತೆ ದನಿಯ ಎತ್ತರ ತಗ್ಗು ತೋರಿಸುವ ಚಿತ್ರ) ತೆಗೆಯುವಾಗ ವಿಂಡೋ ಅಳತೆ, ಅಂದರೆ ಒಂದು ಸಲಕ್ಕೆ ಲೆಕ್ಕಕ್ಕೆ ತೆಗೆದುಕೊಳ್ಳುವ ದನಿಯ ತುಂಡು ಎಷ್ಟು ಉದ್ದ ಎಂಬುದನ್ನು ನೋಡಿಕೊಳ್ಳಿ. 48 ಕಿಲೋಹರ್ಟ್ಜ್‌ನಲ್ಲಿ 512 ಬಿಂದುಗಳೆಂದರೆ ಸುಮಾರು 11 ಮಿಲಿಸೆಕೆಂಡ್. ಕ್ಯಾನರಿಯ ತುಣುಕುಗಳು ಬಿಡಿಬಿಡಿಯಾಗಿ ಕಾಣುತ್ತವೆ. ಅದನ್ನೇ 4096 ಮಾಡಿದರೆ 85 ಮಿಲಿಸೆಕೆಂಡ್. ಎರಡು ಮೂರು ತುಣುಕು ಒಂದರೊಳಗೊಂದು ಕಲಸಿ, ಟ್ರಿಲ್ (ಬೇಗಬೇಗ ಮರಳಿ ಬರುವ ತುಣುಕುಗಳ ಸಾಲು) ಇದ್ದ ಕಡೆ ಅಡ್ಡಗೆರೆಗಳಷ್ಟೇ ಮೂಡುತ್ತವೆ.

ಗದ್ದಲದ ಊರಲ್ಲಿ ಅಳೆಯುವವರಿಗೆ ಇನ್ನೊಂದು ಬಲೆ. ವಾಹನಗಳ ಸದ್ದು ಜಾಸ್ತಿಯಿರುವ ಕಡೆ ಗ್ರೇಟ್ ಟಿಟ್‌ಗಳ ಹಾಡಿನ ಕೆಳಗಿನ ಅಂಚು (ಅತಿ ತಗ್ಗಿನ ಸ್ವರ) ಮೇಲಕ್ಕೇರುತ್ತದೆಂದು 2003ರಲ್ಲಿ ನೆದರ್‌ಲೆಂಡ್ಸ್‌ನ ಲೈಡನ್‌ನಿಂದ ವರದಿಯಾಯಿತು. ಆಮೇಲೆ ಅಂಥವು ಬೇಕಾದಷ್ಟು ಬಂದವು. ಆದರೆ ಹಾಡಿನ ತಗ್ಗು, ಕ್ಷೀಣ ಭಾಗ ಗದ್ದಲದ ಮಸಿಯೊಳಗೆ ಮುಳುಗಿರುವಾಗ ಕರ್ಸರ್ ಹಿಡಿದು ಕಣ್ಣಳತೆಯಲ್ಲಿ ಅಂಚು ಗುರುತಿಸಿದರೆ, ಹಕ್ಕಿ ಏನೂ ಬದಲಿಸದಿದ್ದರೂ ಸಂಖ್ಯೆ ಮೇಲೇರುತ್ತದೆ. ಹತ್ತಿರದಿಂದ ರೆಕಾರ್ಡ್ ಮಾಡಿ. ಪವರ್ ಸ್ಪೆಕ್ಟ್ರಮ್‌ನಲ್ಲಿ (ಯಾವ ಎತ್ತರದ ಸ್ವರಕ್ಕೆ ಎಷ್ಟು ಬಲವಿದೆ ಎಂದು ತೋರಿಸುವ ನಕ್ಷೆ) ಶಿಖರಕ್ಕಿಂತ ಇಂತಿಷ್ಟು ಡೆಸಿಬೆಲ್ ಕೆಳಗೆ ಎಂಬ ಒಂದೇ ಗೆರೆಯನ್ನು ಎಲ್ಲ ಫೈಲಿಗೂ ಹಾಕಿ ಅಳೆಯಿರಿ. ಗದ್ದಲ ಆ ಗೆರೆಯನ್ನೂ ದಾಟಿದ್ದರೆ ಆ ಫೈಲನ್ನು ಲೆಕ್ಕದಿಂದ ಕೈಬಿಡಿ.