ಎಂಟನೆಯ ತಿಂಗಳ ಭಯ ಮತ್ತು ಕೊನೆಯ ಹನ್ನೆರಡು ವಾರಗಳು

ಗರ್ಭಿಣಿಗೆ ಏಳು ತುಂಬಿ ಎಂಟಕ್ಕೆ ಬಿತ್ತೆಂದರೆ ನಮ್ಮ ತಪಾಸಣಾ ಕೊಠಡಿಗೆ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. ಅದನ್ನು ಕೇಳುವವರು ಗರ್ಭಿಣಿಯಲ್ಲ, ಬಹುಮಟ್ಟಿಗೆ ಅವಳ ತಾಯಿ ಅಥವಾ ಅತ್ತೆ. ಅವಳನ್ನು ಹೊರಗೆ ಕೂರಿಸಿ ಬಂದು, ದನಿ ತಗ್ಗಿಸಿ, “ಡಾಕ್ಟ್ರಮ್ಮ, ಏಳು ತಿಂಗಳಿಗೆ ಹುಟ್ಟಿದ್ದು ಉಳಿಯುತ್ತೆ, ಎಂಟಕ್ಕೆ ಹುಟ್ಟಿದ್ದು ಉಳಿಯಲ್ಲ ಅಂತಾರಲ್ಲ, ನಿಜವಾ?” ಎನ್ನುತ್ತಾರೆ. ಈ ನಂಬಿಕೆ ಬಹಳ ಹಳೆಯದು. ಎಂಟನೆಯ ತಿಂಗಳಲ್ಲಿ ಓಜಸ್ಸು, ಅಂದರೆ ದೇಹವನ್ನು ಹಿಡಿದಿಡುವ ಜೀವಸಾರ, ತಾಯಿ ಮತ್ತು ಮಗುವಿನ ನಡುವೆ ಅಸ್ಥಿರವಾಗಿರುವುದರಿಂದ ಆಗ ಹೆರಿಗೆಯಾಗುವುದು ಅಪಾಯವೆಂಬ ಮಾತು ಆಯುರ್ವೇದದ ಪ್ರಾಚೀನ ಗ್ರಂಥಗಳಲ್ಲಿಯೂ ಇದೆ. ದಿನ ತುಂಬದೆ ಹುಟ್ಟಿದ ಮಗುವಿಗೆ ಅಪಾಯವಿದೆ ಎಂದು ಅಂದಿನವರು ಕಂಡದ್ದು ಸುಳ್ಳಲ್ಲ. ಆದರೆ ಏಳಕ್ಕಿಂತ ಎಂಟು ಕೆಟ್ಟದ್ದು ಎಂಬುದು ಮಾತ್ರ ಸರಿಯಲ್ಲ. ಗರ್ಭದಲ್ಲಿ ಒಂದು ವಾರ ಹೆಚ್ಚು ಕಳೆದಷ್ಟೂ ಮಗು ಬದುಕುವ ಸಾಧ್ಯತೆ ಹೆಚ್ಚುತ್ತಲೇ ಹೋಗುತ್ತದೆ. ಎಂಟನೆಯ ತಿಂಗಳಲ್ಲಿ ಅದು ಹಿಂದಕ್ಕೆ ಸರಿಯುವುದಿಲ್ಲ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. 30 ವಾರಕ್ಕೆ ನೋವು ಕಾಣಿಸಿಕೊಂಡಾಗ ‘ಏಳು ತಿಂಗಳದ್ದಲ್ಲವೇ, ಉಳಿಯುತ್ತದೆ’ ಎಂದು ಬೆಳಗಿನವರೆಗೆ ಕಾಯುವ ಮನೆಗಳಿವೆ. 33 ವಾರಕ್ಕೆ ನೋವು ಬಂದಾಗ ‘ಇನ್ನೇನು ಮಾಡಿದರೂ ಅಷ್ಟೆ’ ಎಂದು ಕೈಚೆಲ್ಲುವ ಮನೆಗಳೂ ಇವೆ. ಎರಡೂ ಕಡೆ ಕಳೆದುಹೋಗುವುದು ಮಗುವಿಗೆ ಅತ್ಯಂತ ಬೇಕಾದ ಗಂಟೆಗಳು.

ಆದ್ದರಿಂದ ಕೊನೆಯ ತ್ರೈಮಾಸಿಕವನ್ನು ತಿಂಗಳುಗಳಲ್ಲಿ ಅಲ್ಲ, ವಾರಗಳಲ್ಲಿ ಲೆಕ್ಕ ಹಾಕಬೇಕೆಂದು ನಾನು ಎಲ್ಲ ಕುಟುಂಬಗಳಿಗೂ ಹೇಳುತ್ತೇನೆ. ಕೊನೆಯ ಮುಟ್ಟಿನ ಮೊದಲ ದಿನಕ್ಕೆ ಒಂಬತ್ತು ತಿಂಗಳು ಏಳು ದಿನ ಸೇರಿಸಿದರೆ, ಅಂದರೆ 280 ದಿನ ಎಣಿಸಿದರೆ, ಹೆರಿಗೆಯ ಅಂದಾಜು ದಿನ ಸಿಗುತ್ತದೆ. ನಮ್ಮ ಹಿರಿಯರ ‘ಒಂಬತ್ತು ತಿಂಗಳು ಒಂಬತ್ತು ದಿನ’ದ ಲೆಕ್ಕ ಇದಕ್ಕೆ ಎಷ್ಟು ಹತ್ತಿರವಿದೆ ಎಂಬುದನ್ನು ನೋಡಿ ನನಗೆ ಇಂದಿಗೂ ಸಂತೋಷವಾಗುತ್ತದೆ. ತೊಡಕು ಇರುವುದು ‘ಎಂಟು ತಿಂಗಳು’ ಎಂಬ ಮಾತಿನಲ್ಲಿ. ಎಂಟು ನಡೆಯುತ್ತಿದೆ ಎಂದರೆ 31 ವಾರವೂ ಆಗಬಹುದು, ಎಂಟು ತುಂಬಿದೆ ಎಂದರೆ 35 ವಾರವಾಗುತ್ತದೆ. ಈ ನಾಲ್ಕು ವಾರಗಳ ಆಚೆ ಈಚೆ ಇರುವ ಮಕ್ಕಳು ಒಂದೇ ರೀತಿಯವರಲ್ಲ.

ಅವರ ನಡುವಿನ ದೊಡ್ಡ ವ್ಯತ್ಯಾಸ ಶ್ವಾಸಕೋಶದಲ್ಲಿದೆ. ಒದ್ದೆಯಾದ ಎರಡು ಪ್ಲಾಸ್ಟಿಕ್ ಹಾಳೆಗಳು ಹೇಗೆ ಒಂದಕ್ಕೊಂದು ಅಂಟಿಕೊಳ್ಳುತ್ತವೆಯೋ ಹಾಗೆಯೇ ಶ್ವಾಸಕೋಶದ ಪುಟ್ಟ ಗಾಳಿಚೀಲಗಳ ಒಳಗೋಡೆಗಳೂ ಪ್ರತಿ ಬಾರಿ ಉಸಿರು ಬಿಟ್ಟಾಗ ಅಂಟಿಕೊಳ್ಳಲು ನೋಡುತ್ತವೆ. ಅದನ್ನು ತಡೆಯುವ ಸರ್ಫ್ಯಾಕ್ಟೆಂಟ್ ಎಂಬ ಜಿಡ್ಡಿನಂತಹ ವಸ್ತು ಸುಮಾರು 24ನೆಯ ವಾರದಿಂದ ತಯಾರಾಗತೊಡಗಿದರೂ, ಸ್ವಂತ ಉಸಿರಾಟಕ್ಕೆ ಸಾಲುವಷ್ಟು ಸಂಗ್ರಹವಾಗುವುದು ಸುಮಾರು 35ನೆಯ ವಾರದ ಹೊತ್ತಿಗೆ. ಅದಕ್ಕೆ ಮೊದಲೇ ಹೆರಿಗೆಯಾಗುವ ಸೂಚನೆ ಕಂಡರೆ ತಾಯಿಗೆ ಡೆಕ್ಸಾಮೆಥಾಸೋನ್ ಇಂಜೆಕ್ಷನ್ ಅನ್ನು 6 ಮಿಲಿಗ್ರಾಂನಂತೆ 12 ಗಂಟೆಗೊಮ್ಮೆ ನಾಲ್ಕು ಬಾರಿ ಕೊಡುತ್ತೇವೆ. ಅದು ಮಾಸಿನ ಮೂಲಕ ಮಗುವನ್ನು ತಲುಪಿ ಶ್ವಾಸಕೋಶ ಬೇಗ ಮಾಗುವಂತೆ ಮಾಡುತ್ತದೆ. ದುಬಾರಿಯಲ್ಲದ ಈ ಔಷಧಿ ಎಷ್ಟೋ ಮಕ್ಕಳನ್ನು ಉಳಿಸಿದೆ. ಆದರೆ ಅದರ ಪೂರ್ಣ ಫಲ ದೊರೆಯಲು ಸುಮಾರು ಒಂದು ದಿನ ಬೇಕು. ನೋವು ಬಲವಾಗಲಿ ಎಂದು ಮನೆಯಲ್ಲಿ ಕಾಯುವುದರಿಂದ ಆಗುವ ನಷ್ಟ ಇದೇ.

ಮಿದುಳಿನ ಬೆಳವಣಿಗೆಯೂ ಕೊನೆಯ ವಾರಗಳಲ್ಲಿ ಅತಿ ವೇಗದಿಂದ ನಡೆಯುತ್ತದೆ. 34 ವಾರದ ಮಗುವಿನ ಮಿದುಳಿನ ತೂಕ ದಿನ ತುಂಬಿದ ಮಗುವಿನದರ ಮೂರನೆಯ ಎರಡು ಭಾಗದಷ್ಟು ಮಾತ್ರ. ಚೀಪುವುದು, ನುಂಗುವುದು, ಉಸಿರಾಡುವುದು ಈ ಮೂರನ್ನೂ ಹೊಂದಿಸಿಕೊಂಡು ಮೊಲೆಹಾಲು ಕುಡಿಯುವ ಕೌಶಲ ಬರುವುದೂ ಇದೇ ಸುಮಾರಿಗೆ. 28 ವಾರಕ್ಕೆ ಒಂದು ಕಿಲೋ ಆಸುಪಾಸಿನಲ್ಲಿ, ಸುಕ್ಕು ಚರ್ಮದೊಂದಿಗೆ ಇದ್ದ ಮಗು ಮುಂದಿನ ಹನ್ನೆರಡು ವಾರಗಳಲ್ಲಿ ತನ್ನ ತೂಕವನ್ನು ಹತ್ತಿರ ಹತ್ತಿರ ಮೂರು ಪಟ್ಟು ಮಾಡಿಕೊಂಡು, ಹೊರಗಿನ ಚಳಿಯನ್ನು ತಾಳಲು ಬೇಕಾದ ಕೊಬ್ಬನ್ನು ಚರ್ಮದಡಿ ತುಂಬಿಕೊಳ್ಳುತ್ತದೆ. ಹುಟ್ಟಿದ ಮೊದಲ ತಿಂಗಳುಗಳಿಗೆ ಬೇಕಾದ ಕಬ್ಬಿಣಾಂಶದ ಬಹುಪಾಲನ್ನು ಮತ್ತು ತಾಯಿಯ ರೋಗನಿರೋಧಕ ಪ್ರತಿಕಾಯಗಳನ್ನು ಅದು ಪಡೆಯುವುದೂ ಈಗಲೇ.

ಹೀಗಿರುವಾಗ, ಹೆಚ್ಚು ತಿಂದರೆ ಮಗು ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆ ಎಂದು ಈ ತಿಂಗಳುಗಳಲ್ಲೇ ಗರ್ಭಿಣಿಯ ಊಟಕ್ಕೆ ಕಡಿವಾಣ ಹಾಕುವುದು ಮತ್ತು ಅದೇ ಭಯದಿಂದ ಕಬ್ಬಿಣದ ಮಾತ್ರೆಯನ್ನು ಡಬ್ಬಿಯಲ್ಲೇ ಉಳಿಸುವುದು ನನಗೆ ಅತ್ಯಂತ ನೋವು ಕೊಡುವ ವಿಷಯಗಳು. ನಮ್ಮಲ್ಲಿ ಕಷ್ಟ ಕೊಡುತ್ತಿರುವುದು ದಪ್ಪ ಮಕ್ಕಳಿಗಿಂತ ಹೆಚ್ಚಾಗಿ 2.5 ಕಿಲೋಗಿಂತ ಕಡಿಮೆ ತೂಕದ ಮಕ್ಕಳು ಮತ್ತು 11 ಗ್ರಾಂಗಿಂತ ಕಡಿಮೆ ಹಿಮೋಗ್ಲೋಬಿನ್ ಹೊತ್ತು ಹೆರಿಗೆ ಕೋಣೆಗೆ ಬರುವ ತಾಯಂದಿರು. ಸಕ್ಕರೆ ಕಾಯಿಲೆ ಇದ್ದವರಿಗೆ ಪಥ್ಯ ಬೇರೆ. ಉಳಿದವರು ಹೊಟ್ಟೆ ತುಂಬ ಊಟ ಮಾಡಲಿ, ಒಮ್ಮೆಲೇ ಆಗದಿದ್ದರೆ ದಿನಕ್ಕೆ ಐದಾರು ಬಾರಿ ಮಾಡಲಿ. ಮಾತ್ರೆಯನ್ನು ಕಾಫಿ, ಟೀ ಜೊತೆ ನುಂಗದೆ ನಿಂಬೆಹಣ್ಣಿನ ಪಾನಕದೊಡನೆ ತೆಗೆದುಕೊಳ್ಳಲಿ. ಕ್ಯಾಲ್ಸಿಯಂ ಮಾತ್ರೆಗೂ ಅದಕ್ಕೂ ಕನಿಷ್ಠ ಎರಡು ಗಂಟೆಯ ಅಂತರವಿರಲಿ.

ತಾಯಿಯ ದೇಹದಲ್ಲಿ ಆಗುವ ಬದಲಾವಣೆಗಳಲ್ಲಿ ಹೆಚ್ಚಿನವು ತೊಂದರೆ ಕೊಟ್ಟರೂ ಸಹಜವಾದವೇ. ರಕ್ತದ ಪ್ರಮಾಣ 32ರಿಂದ 34ನೆಯ ವಾರದ ಹೊತ್ತಿಗೆ ಮೊದಲಿದ್ದುದಕ್ಕಿಂತ ಅರ್ಧದಷ್ಟು ಹೆಚ್ಚಾಗಿರುತ್ತದೆ. ಹೃದಯವೂ ಅದಕ್ಕೆ ತಕ್ಕಂತೆ ದುಡಿಯುತ್ತದೆ. 36ನೆಯ ವಾರಕ್ಕೆ ಗರ್ಭಕೋಶ ಎದೆಗೂಡಿನ ಅಂಚನ್ನು ಮುಟ್ಟಿ, ಶ್ವಾಸಕೋಶದ ಕೆಳಗಿರುವ ವಪೆಯನ್ನು ಮೇಲಕ್ಕೆ ಒತ್ತುವುದರಿಂದ ಎರಡು ಮೆಟ್ಟಿಲು ಹತ್ತಿದರೂ ಏದುಸಿರು ಬರುತ್ತದೆ. ಎದೆಯುರಿ, ಸೊಂಟನೋವು, ಮೀನಖಂಡದ ಸೆಳೆತ, ರಾತ್ರಿ ಪದೇ ಪದೇ ಮೂತ್ರಕ್ಕೆ ಏಳುವುದು ಎಲ್ಲವೂ ಇದೇ ಕಾಲದವು. ಆಗಾಗ ಹೊಟ್ಟೆ ಗಟ್ಟಿಯಾಗಿ ಸಡಿಲವಾಗುವುದು ಸುಳ್ಳು ನೋವು. ಅದಕ್ಕೆ ಕ್ರಮವಿರುವುದಿಲ್ಲ, ಮಲಗಿದರೆ ಕಡಿಮೆಯಾಗುತ್ತದೆ. ನಿಜವಾದ ನೋವಿನ ನಡುವಿನ ಅಂತರ ಕಡಿಮೆಯಾಗುತ್ತಾ, ಬಲ ಹೆಚ್ಚುತ್ತಾ ಹೋಗುತ್ತದೆ. ಅಂಗಾತ ಮಲಗಿದಾಗ ಗರ್ಭಕೋಶದ ಭಾರ ಹೃದಯಕ್ಕೆ ರಕ್ತ ಒಯ್ಯುವ ದೊಡ್ಡ ರಕ್ತನಾಳದ ಮೇಲೆ ಬೀಳುವುದರಿಂದ 28 ವಾರಗಳ ನಂತರ ಮಗ್ಗುಲಾಗಿ ಮಲಗಿ ನಿದ್ರಿಸಬೇಕು. ನಡುರಾತ್ರಿ ಎಚ್ಚರವಾದಾಗ ಅಂಗಾತವಾಗಿದ್ದರೆ ಗಾಬರಿ ಬೇಡ, ಮಗ್ಗುಲು ಬದಲಿಸಿದರೆ ಸಾಕು.

ಕಾಲು ಬಾತುಕೊಳ್ಳುವುದನ್ನು ಮಾತ್ರ ಸ್ವಲ್ಪ ಎಚ್ಚರದಿಂದ ನೋಡಬೇಕು. ಸಂಜೆಗೆ ಪಾದ ಊದಿ, ಬೆಳಿಗ್ಗೆ ಇಳಿದಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ಬೆಳಿಗ್ಗೆಯೇ ಮುಖ ಊದಿರುವುದು, ಬಿಡದ ತಲೆನೋವು, ಕಣ್ಣು ಮಂಜಾಗುವುದು, ಎದೆಗುಂಡಿಗೆಯ ಕೆಳಗೆ ನೋವು ಇವುಗಳಲ್ಲಿ ಯಾವುದೇ ಒಂದು ಇದ್ದರೂ ಅಂದೇ ಬಿ.ಪಿ. ನೋಡಿಸಬೇಕು. ಅದು 140/90 ಅಥವಾ ಹೆಚ್ಚಿದ್ದರೆ ಮನೆಮದ್ದಿನ ಮಾತು ಬೇಡ. ನಿರ್ಲಕ್ಷಿಸಿದರೆ ಮುಂದಿನ ಹಂತ ಫಿಟ್ಸ್ ಆಗಬಹುದು. ರಕ್ತ ಹೋದರೆ, ನೀರು ಸೋರಿದರೆ, ಅಂಗೈ ಅಂಗಾಲುಗಳಲ್ಲಿ ತಾಳಲಾರದ ತುರಿಕೆಯಿದ್ದರೆ ಕೂಡ ತಡಮಾಡದೆ ಆಸ್ಪತ್ರೆಗೆ ಬರಬೇಕು.

ಇನ್ನು ಮಗುವಿನ ಮಿಸುಕಾಟ. ‘ದಿನ ತುಂಬುತ್ತಾ ಬಂದಂತೆ ಜಾಗ ಸಾಲದೆ ಮಗು ಸುಮ್ಮನಾಗುತ್ತದೆ’ ಎಂಬ ಮಾತನ್ನು ನಾನು ಕೇಳದ ವಾರವಿಲ್ಲ. ಇದು ತಪ್ಪು. ಒದೆತ ಹೋಗಿ ಹೊರಳಾಟ ಹೆಚ್ಚಬಹುದು, ರೀತಿ ಬದಲಾಗಬಹುದು. ಆದರೆ ಮಿಸುಕಾಟ ಕಡಿಮೆಯಾಗಬಾರದು. ವರ್ಷಗಳ ಹಿಂದೆ 37 ವಾರದ ಚೊಚ್ಚಲ ಗರ್ಭಿಣಿಯೊಬ್ಬರು ಮಗು ಆಡುತ್ತಿಲ್ಲವೆಂದು ಮೂರನೆಯ ದಿನ ಬಂದರು. ಮೊದಲ ದಿನವೇ ಅವರಿಗೆ ಅನುಮಾನ ಬಂದಿತ್ತು, ಆದರೆ ಹಿರಿಯರು ಇದೇ ಮಾತನ್ನು ಹೇಳಿ ಸಮಾಧಾನ ಮಾಡಿದ್ದರು. ಹೃದಯಬಡಿತ ನಿಂತಿತ್ತು. ಆ ತಾಯಿಯ ಮುಖ ನನಗೆ ಮರೆತಿಲ್ಲ. ಅಂದಿನಿಂದ ನನ್ನ ಬಳಿ ಬರುವ ಪ್ರತಿಯೊಬ್ಬರಿಗೂ ಎಣಿಸುವುದನ್ನು ಹೇಳಿಕೊಟ್ಟೇ ಕಳುಹಿಸುತ್ತೇನೆ: ಊಟವಾದ ಮೇಲೆ ಎಡಮಗ್ಗುಲಾಗಿ ಮಲಗಿ, ಬೇರೆ ಯಾವ ಕಡೆಗೂ ಗಮನ ಕೊಡದೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಳ್ಳಿ, ಎರಡು ಗಂಟೆಗಳಲ್ಲಿ ಹತ್ತು ಬಾರಿ ಮಿಸುಕದಿದ್ದರೆ ಆಗಲೇ ಹೊರಡಿ. ಎಣಿಕೆ ಸರಿಯಿದ್ದೂ ‘ಎಂದಿನಂತಿಲ್ಲ’ ಎಂದು ತಾಯಿಗೆ ಅನ್ನಿಸಿದರೆ ಆಗಲೂ ಬನ್ನಿ. ಪರೀಕ್ಷಿಸಿ ಎಲ್ಲ ಸರಿಯಿದೆ ಎಂದು ಹಿಂದಕ್ಕೆ ಕಳುಹಿಸುವುದು ನಮಗೆ ಹೊರೆಯಲ್ಲ, ಅದು ಮಧ್ಯರಾತ್ರಿಯಾದರೂ ಸರಿಯೇ.

ಈಚೆಗೆ ಇನ್ನೊಂದು ಒತ್ತಡ ಹೆಚ್ಚಾಗಿದೆ. ಹೇಗೂ ಸಿಸೇರಿಯನ್ ಆಗಬೇಕಾದವರು ಒಳ್ಳೆಯ ನಕ್ಷತ್ರ ನೋಡಿಸಿ, 37ನೆಯ ವಾರದ ಒಂದು ದಿನಾಂಕ ಹಿಡಿದು ಬರುತ್ತಾರೆ. ಅವರ ಶ್ರದ್ಧೆಯ ಬಗ್ಗೆ ನನಗೆ ಗೌರವವಿದೆ. ಆದರೆ ವೈದ್ಯಕೀಯ ಕಾರಣವಿಲ್ಲದೆ 39 ವಾರಕ್ಕೆ ಮೊದಲು ಮಗುವನ್ನು ಹೊರತೆಗೆದರೆ ಏದುಸಿರಿನಿಂದ ನವಜಾತ ಶಿಶುಗಳ ಘಟಕ ಸೇರುವ ಸಾಧ್ಯತೆ ಹೆಚ್ಚು. 39 ವಾರ ತುಂಬಿದ ಮೇಲಿನ ದಿನಗಳಲ್ಲಿ ಮುಹೂರ್ತ ಹುಡುಕಿಸಿ ಎಂದು ಕೇಳಿಕೊಳ್ಳುತ್ತೇನೆ; ಪುರೋಹಿತರು ಇದಕ್ಕೆ ಇಲ್ಲವೆಂದದ್ದನ್ನು ನಾನು ಕಂಡಿಲ್ಲ.

ಕೊನೆಯದಾಗಿ, ಸೀಮಂತ ಮುಗಿಸಿ ತವರಿಗೆ ಹೊರಡುವವರಿಗೆ ಒಂದು ಮಾತು. ಇಷ್ಟು ತಿಂಗಳು ನೋಡಿದ ವೈದ್ಯರನ್ನು ಬಿಟ್ಟು, ಏನೂ ತಿಳಿಯದ ಹೊಸ ವೈದ್ಯರ ಬಳಿಗೆ ಗರ್ಭಿಣಿ ಹೋಗುವುದು ಹೀಗೆ ಅತಿ ಸೂಕ್ಷ್ಮವಾದ ಕಾಲದಲ್ಲಿಯೇ. ತವರು ತಲುಪಿದ ವಾರದಲ್ಲೇ ಅಲ್ಲಿನ ಆಸ್ಪತ್ರೆಗೆ ಒಮ್ಮೆ ಹೋಗಿ ತೋರಿಸಿಕೊಳ್ಳಬೇಕು, ಊರಿನ ಆಶಾ ಕಾರ್ಯಕರ್ತೆಗೆ ತಿಳಿಸಬೇಕು, 108ಕ್ಕೆ ಕರೆ ಮಾಡಿದರೆ ಮನೆಯ ಗುರುತು ಹೇಳಬಲ್ಲವರು ಜೊತೆಗಿರಬೇಕು. ತಾಯಿ ಕಾರ್ಡ್ ಮತ್ತು ರಕ್ತದ ಗುಂಪಿನ ವರದಿಯ ಜೊತೆಗೆ ಎಲ್ಲ ಸ್ಕ್ಯಾನ್ ವರದಿಗಳನ್ನೂ ಒಯ್ಯಬೇಕು. ಹೊಸತೊಂದನ್ನು ಮಾತ್ರ ಇಟ್ಟುಕೊಂಡು ಹಳೆಯದನ್ನು ಗಂಡನ ಮನೆಯಲ್ಲೇ ಬಿಟ್ಟು ಬರುವವರು ಬಹಳ ಮಂದಿ. ಎಂಟೊಂಬತ್ತನೆಯ ತಿಂಗಳ ಸ್ಕ್ಯಾನ್ ಮಗುವಿನ ವಯಸ್ಸನ್ನು ಹೇಳುವಾಗ ಮೂರು ವಾರಗಳಷ್ಟು ತಪ್ಪಬಹುದು. ಮೊದಲ ಮೂರು ತಿಂಗಳೊಳಗೆ ಮಾಡಿಸಿದ್ದು ಒಂದು ವಾರದೊಳಗಿನ ವ್ಯತ್ಯಾಸದಲ್ಲಿ ಹೇಳುತ್ತದೆ. ನೋವು ಬಂದ ರಾತ್ರಿ ಮಗು 33 ವಾರದ್ದೋ 36 ವಾರದ್ದೋ ಎಂದು ತೀರ್ಮಾನಿಸಲು ನಾವು ಹುಡುಕುವುದು ಆ ಹಳೆಯ ಹಾಳೆಯನ್ನೇ.