ಚಿಕನ್ 'ಮೆಲ್ಟ್' ಆಗುತ್ತಾ, 'ಡಿಫ್ರಾಸ್ಟ್' ಆಗುತ್ತಾ?

ಪ್ರಶ್ನೆ: ಫ್ರೀಜರ್‌ನಿಂದ ಚಿಕನ್ ತೆಗೆದಿಟ್ಟರೆ ಇಂಗ್ಲಿಷಿನಲ್ಲಿ ಮೆಲ್ಟ್ ಅನ್ನಬೇಕಾ, ಡಿಫ್ರಾಸ್ಟ್ ಅನ್ನಬೇಕಾ? ಕೆಲವರು 'ಥಾ' ಅಂತಾರಲ್ಲ, ಅದೇನು?
(ಕಲಬುರಗಿಯ ಓದುಗರು)

ಮೆಲ್ಟ್ ಅಂತ ಮಾತ್ರ ಅನ್ನಬೇಡಿ. ಮೆಲ್ಟ್ ಅಂದರೆ ಗಟ್ಟಿ ಇದ್ದದ್ದು ತಾನೇ ಕರಗಿ ಹರಿಯೋದು, ಬೆಣ್ಣೆ ಥರ. ಚಿಕನ್ನೇ ಕರಗಿದರೆ ಸಾರಿಗೆ ಏನು ಹಾಕ್ತೀರಿ? ಕರಗೋದು ಅದರೊಳಗಿನ ಬರ್ಫ, ಚಿಕನ್ ಬರೀ ಮೆತ್ತಗಾಗುತ್ತೆ. ನಮ್ಮ ಮನೆಗಳಲ್ಲಿ "ಮಟನ್ ಹೊರಗ ತೆಗದಿಡ್ರಿ, ಬರ್ಫ ಬಿಡ್ಲಿ" ಅಂತಾರಲ್ಲ, ಆ ಬರ್ಫ ಬಿಡೋದೇ ಡಿಫ್ರಾಸ್ಟ್. ನಾನೂ ಒಮ್ಮೆ ಗೆಳೆಯನಿಗೆ ಚಿಕನ್ ಮೆಲ್ಟ್ ಆಗ್ತಿದೆ ಅಂತ ಇಂಗ್ಲಿಷಿನಲ್ಲಿ ಮೆಸೇಜ್ ಹಾಕಿ ನಗೆಪಾಟಲಾಗಿದ್ದೆ.

ಥಾ ಅನ್ನೋದು ಹಳೇ ಪದ, ಚಳಿದೇಶದ್ದು. ಅಲ್ಲಿ ಚಳಿಗಾಲದಲ್ಲಿ ನದಿ, ನೆಲ ಎಲ್ಲ ಹೆಪ್ಪುಗಟ್ಟಿ ಬೇಸಿಗೆ ಹತ್ತಿರ ಬಂದ ಹಾಗೆ ಸಡಿಲ ಆಗುತ್ತೆ, ಅದಕ್ಕೊಂದು ಪದ ಬೇಕೇ ಬೇಕಲ್ವಾ? ಮೇ ತಿಂಗಳಲ್ಲಿ 42 ಡಿಗ್ರಿ ಕಾಣೋ ನಮಗೆ ಭೀಮಾ ನದಿ ಬತ್ತೋದು ಗೊತ್ತು, ಹೆಪ್ಪುಗಟ್ಟೋದು ಗೊತ್ತಿಲ್ಲ, ಹಾಗಾಗಿ 'ಕರಗು' ಒಂದರಲ್ಲೇ ಕೆಲಸ ಮುಗಿಸ್ತೀವಿ.

ಚಿಕನ್ನಿಗೆ ಎರಡೂ ನಡೆಯುತ್ತೆ. ನದಿಗೆ ಥಾ ಮಾತ್ರ. ಫ್ರಿಜ್‌ಗೆ ಡಿಫ್ರಾಸ್ಟ್ ಮಾತ್ರ: ಹಳೇ ಒಂಟಿ ಬಾಗಿಲಿನ ಫ್ರಿಜ್‌ನಲ್ಲಿ ತಿರುಗಿಸೋ ಗುಂಡಿಯ ನಡುವೆ ಒಂದು ಬಟನ್ ಇರುತ್ತಲ್ಲ, ಒತ್ತಿದರೆ ಕಂಪ್ರೆಸರ್ ನಿಂತು ಫ್ರೀಜರ್ ಗೋಡೆಗೆ ಕೂತ ಬರ್ಫ ನೀರಾಗಿ ಇಳಿಯುತ್ತೆ, ಆಮೇಲೆ ತಾನೇ ಶುರುವಾಗುತ್ತೆ. ಮುನಿಸು ತಣ್ಣಗಾದರೂ ಥಾ ಅಂತಾರೆ. 1953ರಲ್ಲಿ ಸ್ಟಾಲಿನ್ ಸತ್ತ ಮೇಲೆ ಸೋವಿಯತ್ ದೇಶದಲ್ಲಿ ಬಿಗಿ ಸಡಿಲಾದ ಕಾಲಕ್ಕೆ ಇಂಗ್ಲಿಷಿನಲ್ಲಿ ಇದೇ ಹೆಸರು.

'ಅನ್‌ಥಾ' ಅಂತ ಯಾರಾದರೂ ಅಂದರೆ ಉಲ್ಟಾ ಅರ್ಥ ಮಾಡ್ಕೋಬೇಡಿ, ಅದಕ್ಕೂ ಬರ್ಫ ಬಿಡಿಸೋದು ಅಂತಲೇ ಅರ್ಥ. ಡಿಕ್ಷನರಿಯಲ್ಲೂ ಇದೆ. ನನಗಂತೂ ಸುಮ್ನೆ ಜಾಸ್ತಿ ಅನ್ಸುತ್ತೆ.

ಪದ ಯಾವುದಾದರೂ ಇರಲಿ, ಮಾಂಸವನ್ನ ಕಟ್ಟೆ ಮೇಲೆ ಇಟ್ಟು ಮರೀಬೇಡಿ. 32 ಡಿಗ್ರಿ ದಾಟಿದರೆ ಒಂದು ಗಂಟೆಗಿಂತ ಹೆಚ್ಚು ಹೊರಗಿಡಬಾರದು ಅಂತಾರೆ, ನಮ್ಮೂರಲ್ಲಿ ಅಷ್ಟು ಬಿಸಿಲು ವರ್ಷದಲ್ಲಿ ಎಷ್ಟು ತಿಂಗಳು ಇರುತ್ತೆ ಅಂತ ನಿಮಗೇ ಗೊತ್ತು. ರಾತ್ರಿನೇ ಫ್ರೀಜರ್‌ನಿಂದ ಫ್ರಿಜ್ ಒಳಗೇ ಕೆಳಗಿನ ಖಾನೆಗೆ ಇಳಿಸಿಬಿಡಿ.