ಬಾಡಿಗೆಗೆಂದು ಮೊದಲ ಮನೆ: ಕೊಳ್ಳುವ ಮುನ್ನ ಹಾಕಬೇಕಾದ ಲೆಕ್ಕ

ಬಾಡಿಗೆ ಆದಾಯಕ್ಕೆಂದು ಮನೆ ನೋಡಲು ಹೊರಟವರು ಮೊದಲು ಕೇಳುವುದು ‘ಬಾಡಿಗೆ ಎಷ್ಟು ಬರುತ್ತೆ?’ ಎಂದು. ಲೆಕ್ಕ ಹಾಕುತ್ತಾ ಹೋದ ಹಾಗೆ ನನಗೆ ಅದಕ್ಕಿಂತ ಮುಖ್ಯ ಅನಿಸಿದ ಪ್ರಶ್ನೆ ‘ತಿಂಗಳಿಗೆ ಕೈಯಿಂದ ಎಷ್ಟು ಹಾಕಬೇಕು?’ ಎಂಬುದು. ಬೆಂಗಳೂರಿನ ಒಂದು ಮಾದರಿ ಲೆಕ್ಕ ಇಟ್ಟುಕೊಂಡು ನೋಡೋಣ. ಮೊತ್ತಗಳು ಊಹೆಯವು, ನಿಮ್ಮ ಏರಿಯಾದ ದರ ಹಾಕಿಕೊಳ್ಳಿ.

ಫ್ಲ್ಯಾಟಿನ ಬೆಲೆ 60 ಲಕ್ಷ, ಬಾಡಿಗೆ 18,000 ಇರಲಿ. ಕರ್ನಾಟಕದಲ್ಲಿ ಈ ಬೆಲೆಗೆ ಮುದ್ರಾಂಕ ಶುಲ್ಕ ಶೇ 5. ಸೆಸ್, ಸರ್‌ಚಾರ್ಜ್ ಸೇರಿದರೆ ನಗರದಲ್ಲಿ ಶೇ 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರ ಬದಲು ಶೇ 2 ಆಗಿದೆ. ಅಲ್ಲಿಗೆ ಸಬ್-ರಿಜಿಸ್ಟ್ರಾರ್ ಕಚೇರಿಯ ಖರ್ಚೇ 4.56 ಲಕ್ಷ. 30ರಿಂದ 75 ಲಕ್ಷದವರೆಗಿನ ಗೃಹಸಾಲಕ್ಕೆ ರಿಸರ್ವ್ ಬ್ಯಾಂಕಿನ ಮಿತಿ ಮನೆ ಬೆಲೆಯ ಶೇ 80, ಅಂದರೆ ಇಲ್ಲಿ 48 ಲಕ್ಷ. ಈ ಬೆಲೆಗೆ ನೋಂದಣಿ ಖರ್ಚನ್ನು ಬ್ಯಾಂಕು ಲೆಕ್ಕಕ್ಕೆ ಸೇರಿಸಿಕೊಳ್ಳುವಂತಿಲ್ಲ. ಹಾಗಾಗಿ ಕೈಯಲ್ಲಿ 16.56 ಲಕ್ಷ ಇರಲೇಬೇಕು.

ಇನ್ನು ಕಂತು. ಶೇ 8.5ರ ಬಡ್ಡಿ, 20 ವರ್ಷ ಅಂದರೆ ತಿಂಗಳಿಗೆ ಸುಮಾರು 41,650. ಬಾಡಿಗೆ ವರ್ಷಕ್ಕೆ 2.16 ಲಕ್ಷ ಎಂದು ಬರೆದುಕೊಳ್ಳಬೇಡಿ. ಒಬ್ಬರು ಬಿಟ್ಟು ಇನ್ನೊಬ್ಬರು ಬರುವಷ್ಟರಲ್ಲಿ ಒಂದು ತಿಂಗಳು ಮನೆ ಖಾಲಿ ಬಿದ್ದಿರುತ್ತದೆ, ಆದ್ದರಿಂದ 1.98 ಲಕ್ಷ ಹಿಡಿಯಿರಿ. ಅದರಲ್ಲಿ ಅಪಾರ್ಟ್‌ಮೆಂಟ್ ಮೇಂಟೆನೆನ್ಸ್ 30,000, ಆಸ್ತಿ ತೆರಿಗೆ 7,000, ಸುಣ್ಣ-ಬಣ್ಣ, ರಿಪೇರಿಗೆ 15,000 ಕಳೆದರೆ ಉಳಿಯುವುದು 1.46 ಲಕ್ಷ. ಒಟ್ಟು ಹಾಕಿದ ದುಡ್ಡಿಗೆ ಇದು ಶೇ 2.3ಕ್ಕೂ ಕಡಿಮೆ. ಕಂತು ವರ್ಷಕ್ಕೆ ಸುಮಾರು 5 ಲಕ್ಷ. ಅಲ್ಲಿಗೆ ತಿಂಗಳಿಗೆ ಹತ್ತಿರ ಹತ್ತಿರ 29,500 ರೂಪಾಯಿ ಸಂಬಳದಿಂದ ಹೋಗುತ್ತದೆ. ‘ಬಾಡಿಗೆಯಲ್ಲೇ ಕಂತು ಕಟ್ಟಬಹುದು ಸಾರ್’ ಎನ್ನುವ ಬ್ರೋಕರ್ ಮಾತನ್ನು ಈ ಸಂಖ್ಯೆಯ ಪಕ್ಕ ಇಟ್ಟು ನೋಡಿ. ಜಾಗದ ಬೆಲೆ ಏರುತ್ತದೆ ಎಂಬ ನಂಬಿಕೆ ಇದ್ದರೆ ಈ ವ್ಯವಹಾರಕ್ಕೆ ಅರ್ಥ ಇರಬಹುದು. ಆದರೆ ಅದು ಬೆಲೆ ಏರಿಕೆಯ ಮೇಲಿನ ನಂಬಿಕೆ, ಬಾಡಿಗೆ ಆದಾಯ ಎಂದು ಕರೆಯುವಂತಿಲ್ಲ.

ತೆರಿಗೆಯ ಕಡೆ ಬಂದರೆ, ಬಂದ ಬಾಡಿಗೆಯಲ್ಲಿ ಕಟ್ಟಿದ ಆಸ್ತಿ ತೆರಿಗೆ ಕಳೆದು, ಉಳಿದದ್ದರಲ್ಲಿ ಶೇ 30 ಕಡಿತ ಸಿಗುತ್ತದೆ. ಈ ಶೇ 30ಕ್ಕೆ ರಸೀದಿ ಬೇಕಿಲ್ಲ. ಆದರೆ ಬಣ್ಣ ಬಳಿಸಿದ, ಪಂಪು ಬದಲಿಸಿದ ಖರ್ಚನ್ನು ಮತ್ತೆ ಬೇರೆಯಾಗಿ ತೋರಿಸುವಂತೆಯೂ ಇಲ್ಲ. ಇಲ್ಲಿ ತುಂಬ ಜನ ಎಡವುತ್ತಾರೆ. ಆಮೇಲೆ ಸಾಲದ ಬಡ್ಡಿ ಕಳೆಯಬೇಕು. ನಮ್ಮ ಉದಾಹರಣೆಯಲ್ಲಿ ಮೊದಲ ವರ್ಷದ ಬಡ್ಡಿಯೇ 4 ಲಕ್ಷ ದಾಟುವುದರಿಂದ ಲೆಕ್ಕದಲ್ಲಿ ಸುಮಾರು 2.7 ಲಕ್ಷ ನಷ್ಟ ಕಾಣುತ್ತದೆ. ಹಳೆಯ ತೆರಿಗೆ ಪದ್ಧತಿಯಲ್ಲಿ ಈ ನಷ್ಟದ 2 ಲಕ್ಷದವರೆಗೆ ಸಂಬಳದ ಆದಾಯದಲ್ಲಿ ವಜಾ ಮಾಡಿಕೊಳ್ಳಬಹುದು, ಮಿಕ್ಕದ್ದನ್ನು 8 ವರ್ಷ ಮುಂದೆ ಒಯ್ಯಬಹುದು. ಹೊಸ ಪದ್ಧತಿಯಲ್ಲಿ ಸಂಬಳದಲ್ಲಿ ಒಂದು ರೂಪಾಯಿಯೂ ವಜಾ ಆಗುವುದಿಲ್ಲ. ನೀವು ಯಾವ ಪದ್ಧತಿಯಲ್ಲಿದ್ದೀರಿ ಎಂದು ನೋಡದೆ ‘ಟ್ಯಾಕ್ಸ್ ಉಳಿಯುತ್ತೆ’ ಎಂದು ಹೊರಡಬೇಡಿ.

ಹಾಗಾದರೆ ಕಡಿಮೆ ದುಡ್ಡಿನಲ್ಲಿ ಶುರುಮಾಡುವ ದಾರಿ ಇಲ್ಲವೇ? ಇದೆ. ನಮ್ಮ ಊರುಗಳಲ್ಲಿ ಹಿಂದಿನಿಂದ ಮಾಡಿಕೊಂಡು ಬಂದದ್ದೇ ಅದು: ಕೆಳಗೆ ತಾವಿದ್ದು, ಮೇಲೆ ಒಂದು ಪೋರ್ಷನ್ ಕಟ್ಟಿ ಬಾಡಿಗೆಗೆ ಕೊಡುವುದು. ಸೈಟು ಆಗಲೇ ಇರುವುದರಿಂದ ಹಾಕುವುದು ಕಟ್ಟಡದ ದುಡ್ಡು ಮಾತ್ರ. 18 ಲಕ್ಷದಲ್ಲಿ ಮಹಡಿ ಎದ್ದು 14,000 ಬಾಡಿಗೆ ಬಂದರೆ, ಖರ್ಚು ಕಳೆಯುವ ಮುಂಚೆ ಶೇ 9.3. ನಾನಾದರೆ ಇದನ್ನೇ ಆರಿಸಿಕೊಳ್ಳುತ್ತೇನೆ. ಪ್ಲಾನ್ ಮಂಜೂರಾತಿ ಮಾತ್ರ ಬಿಡಬಾರದು. 2024ರ ಡಿಸೆಂಬರ್‌ನ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಪ್ಲಾನ್ ಮೀರಿ ಕಟ್ಟಿದವರಿಗೆ ಕರೆಂಟ್, ನೀರಿನ ಹೊಸ ಸಂಪರ್ಕ ಪಡೆಯುವುದು ಕಷ್ಟವಾಗಿದೆ.

ಅಡ್ವಾನ್ಸ್ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಮೈಸೂರಿನಲ್ಲಿ ನಮ್ಮ ಚಿಕ್ಕಮ್ಮ ಮೇಲಿನ ಮನೆ ಕೊಟ್ಟಾಗ 1 ಲಕ್ಷ ಅಡ್ವಾನ್ಸ್ ತೆಗೆದುಕೊಂಡಿದ್ದರು. ಅದು ಮಗಳ ಕಾಲೇಜು ಫೀಸಿಗೆ ಹೋಯಿತು. ಎರಡು ವರ್ಷದ ಮೇಲೆ ಬಾಡಿಗೆಯವರಿಗೆ ವರ್ಗವಾಗಿ, ‘ಆಂಟಿ, ಈ ತಿಂಗಳ ಕೊನೆಗೆ ಖಾಲಿ ಮಾಡ್ತೀವಿ’ ಅಂದರು. ಚಿಕ್ಕಮ್ಮ ಆ ರಾತ್ರಿ ಊಟದ ಮೇಜಿನ ಮೇಲೆ ಎರಡು ಎಳೆಯ ಸರವನ್ನು ಬಿಚ್ಚಿಟ್ಟು, ‘ನಾಳೆ ಇದನ್ನ ಅಡ ಇಟ್ಟು ಬಾರೋ’ ಎಂದು ನನ್ನ ಕೈಗೆ ಕೊಟ್ಟರು. ಅಂದಿನಿಂದ ಅಡ್ವಾನ್ಸ್ ಎಂದರೆ ನನಗೆ ಸಾಲದ ಪಟ್ಟಿಗೆ ಸೇರುವ ಮೊತ್ತ. ಬಂದ ದಿನವೇ ಫಿಕ್ಸೆಡ್ ಡೆಪಾಸಿಟ್‌ಗೆ ಹಾಕಿ.

ಲೀಸ್ ಅಥವಾ ಭೋಗ್ಯಕ್ಕೆ ಕೊಡುವುದು ಇದರ ದೊಡ್ಡ ರೂಪ. ಬಾಡಿಗೆ ಇಲ್ಲದೆ 10–15 ಲಕ್ಷ ಒಟ್ಟಿಗೆ ಸಿಗುತ್ತದೆ, ಸಾಲ ತೀರಿಸೋಣ ಎನಿಸುತ್ತದೆ. ಅವಧಿ ಮುಗಿದ ದಿನ ಅಷ್ಟೂ ವಾಪಸ್ ಕೊಡಬೇಕು. ಕೊಡಲಾಗದೆ ಹೊಸ ಲೀಸಿನವರ ದುಡ್ಡಿನಲ್ಲಿ ಹಳಬರನ್ನು ಕಳಿಸುವ ಸುಳಿಗೆ ಬಿದ್ದವರಿದ್ದಾರೆ. ಮನೆ ಬ್ಯಾಂಕಿಗೆ ಅಡವಿದ್ದರೆ ಸಾಮಾನ್ಯವಾಗಿ ಬ್ಯಾಂಕಿನ ಒಪ್ಪಿಗೆಯೂ ಬೇಕು. ಮೊದಲ ಸಲದವರು ಇದರ ತಂಟೆಗೆ ಹೋಗದಿರುವುದು ಒಳ್ಳೆಯದು.

ಕಾಗದಪತ್ರಗಳು: ಕೊಳ್ಳುವಾಗ ತಾಯಿಪತ್ರ (ಆಸ್ತಿ ಹಿಂದೆ ಯಾರಿಂದ ಯಾರಿಗೆ ಬಂತು ಎಂಬ ಮೂಲಪತ್ರ), ಇಸಿ (ಆಸ್ತಿಯ ಮೇಲಿನ ಋಣಭಾರ ತೋರಿಸುವ ಪತ್ರ), ಇ-ಖಾತಾ (ಸ್ಥಳೀಯ ಸಂಸ್ಥೆಯ ಡಿಜಿಟಲ್ ಆಸ್ತಿ ದಾಖಲೆ) ಮೂರನ್ನೂ ವಕೀಲರಿಗೆ ತೋರಿಸಿ. ಬಾಡಿಗೆ ಕರಾರು 11 ತಿಂಗಳಿಗೇ ಏಕೆ? 1908ರ ನೋಂದಣಿ ಕಾಯ್ದೆಯಂತೆ ಒಂದು ವರ್ಷ ಮೀರಿದ ಬಾಡಿಗೆ ಕರಾರು ನೋಂದಣಿ ಆಗಲೇಬೇಕು, ಅದಕ್ಕೆ. ತಿಂಗಳ ಬಾಡಿಗೆ 50,000 ದಾಟಿದರೆ ಬಾಡಿಗೆದಾರರು ಶೇ 2 ಟಿಡಿಎಸ್ (ಬಾಡಿಗೆಯಲ್ಲೇ ಮುರಿದುಕೊಂಡು ಸರ್ಕಾರಕ್ಕೆ ಕಟ್ಟುವ ತೆರಿಗೆ) ಹಿಡಿಯಬೇಕು. 18,000ದ ಮನೆಗೆ ಆ ಚಿಂತೆ ಇಲ್ಲ.

ಕೊನೆಗೆ ಬೀಗದ ಕೈ ಕೊಡುವ ದಿನದ ಕೆಲಸ. ಬಾಡಿಗೆದಾರರನ್ನು ಜೊತೆಗೇ ಕರೆದುಕೊಂಡು ಕರೆಂಟ್ ಮೀಟರಿನ ರೀಡಿಂಗ್, ಗೀಸರ್, ಸಿಂಕಿನ ಕೆಳಗಿನ ಪೈಪು, ಬಾತ್‌ರೂಮಿನ ಗೋಡೆ ಎಲ್ಲದರ ಫೋಟೊ ತೆಗೆದು ಅವರಿಗೂ ಕಳಿಸಿ. ಖಾಲಿ ಮಾಡುವಾಗ ಬಣ್ಣಕ್ಕೆ ಎಷ್ಟು ಹಿಡಿಯುತ್ತೀರಿ ಎಂಬುದನ್ನು ಅಂದೇ ಕರಾರಿನಲ್ಲಿ ಬರೆಸಿ. ಚಿಕ್ಕಮ್ಮ ಈಗ ಮೀಟರ್ ರೀಡಿಂಗನ್ನು ಬಾಗಿಲ ಹಿಂದೆ ಪೆನ್ಸಿಲಿನಲ್ಲೂ ಬರೆದಿಡುತ್ತಾರೆ, ತಾರೀಖಿನ ಸಮೇತ.